ಮೋತಿಗೆ ತಂಪು ಮಾಡಲು ಹೋಗಿ

ಶಾಖದ ವಿಷಯದಲ್ಲಿ ನನಗೆ ಯಾರೂ ಹೊಸದಾಗಿ ಕಲಿಸಬೇಕಾದದ್ದು ಏನೂ ಇಲ್ಲವೆಂದು ಹೋದ ಏಪ್ರಿಲ್‌ವರೆಗೂ ನಂಬಿಕೊಂಡಿದ್ದೆ. ಹೀಗೆ ನಂಬಲು ಕಾರಣಗಳಿದ್ದವು. ನಾನು ಹುಟ್ಟಿ ಬೆಳೆದದ್ದು ಸಿಂಧನೂರಿನಲ್ಲಿ. ಇಲ್ಲಿ ಯುಗಾದಿ ಕಳೆದ ಮೇಲೆ ಮಧ್ಯಾಹ್ನದ ಹೊತ್ತು ಯಾರಾದರೂ ಬೀದಿಯಲ್ಲಿ ನಡೆದು ಹೋಗುತ್ತಿದ್ದರೆ ಅವರು ಪರವೂರಿನವರಾಗಿರಬೇಕು, ಇಲ್ಲವೇ ಮನೆಯಲ್ಲಿ ಜಗಳವಾಡಿ ಹೊರಬಿದ್ದವರಾಗಿರಬೇಕು. ಸಾಲದ್ದಕ್ಕೆ ನಾನು ಮಸ್ಕಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ವರ್ಷವರ್ಷವೂ ಮಕ್ಕಳಿಗೆ ಶಾಖದ ಪಾಠ ಮಾಡುತ್ತೇನೆ. ಕಪ್ಪು ಮೇಲ್ಮೈ ಬಿಸಿಲಿನ ಶಾಖವನ್ನು ಹೆಚ್ಚು ಹೀರಿಕೊಳ್ಳುತ್ತದೆ ಎಂದು ಬೋರ್ಡಿನ ಮೇಲೆ ಬರೆದು, ಪರೀಕ್ಷೆಗೆ ಬರುತ್ತದೆ ಎಂದು ಅಡಿಗೆರೆ ಎಳೆಯುತ್ತೇನೆ. ಆಮೇಲೆ ಬೋರ್ಡು ಒರೆಸಿ, ಕೈ ಝಾಡಿಸಿಕೊಂಡು, ಸಿಂಧನೂರಿನ ಬಸ್ಸು ಹತ್ತುತ್ತೇನೆ. ಪಾಠ ಮಸ್ಕಿಯಲ್ಲೇ ಉಳಿದುಬಿಡುತ್ತದೆ.

ಬಸ್ಸಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಬಸ್ಸಿನ ಯಾವ ಮಗ್ಗುಲಿಗೆ ಕುಳಿತರೆ ಬಿಸಿಲು ಬೀಳುವುದಿಲ್ಲ ಎಂದು ಮೊದಲೇ ಲೆಕ್ಕ ಹಾಕುವ ಅಭ್ಯಾಸ ನನಗಿದೆ. ಸೂರ್ಯ ಎಲ್ಲಿದ್ದಾನೆ, ರಸ್ತೆ ಎತ್ತ ಹೊರಳುತ್ತದೆ ಎಂಬುದನ್ನೆಲ್ಲ ಯೋಚಿಸಿ ಹತ್ತುವಷ್ಟರಲ್ಲಿ, ಏನೂ ಯೋಚಿಸದ ಜನ ನೆರಳಿನ ಮಗ್ಗುಲನ್ನು ತುಂಬಿಬಿಟ್ಟಿರುತ್ತಾರೆ. ನಾನು ಬಿಸಿಲಿಗೆ ಕುಳಿತು, ಕಿಟಕಿಯ ಕಾದ ಸರಳಿಗೆ ಮೊಳಕೈ ತಾಗಿಸಿಕೊಂಡು, ನನ್ನ ಲೆಕ್ಕ ಸರಿಯಾಗಿತ್ತು ಎಂಬ ಸಮಾಧಾನದಲ್ಲಿ ಊರು ಮುಟ್ಟುತ್ತೇನೆ. ಇದನ್ನು ಹೇಳಿದಾಗಲೆಲ್ಲ ನನ್ನ ಹೆಂಡತಿ ಸುಜಾತಾ ನಗುವುದಿಲ್ಲ. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಒಳಗೆ ಹೋಗುತ್ತಾಳೆ.

ಸುಜಾತಾ ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳ ಜೊತೆ ಕೆಲಸ ಮಾಡುವ ಬಂಗಾಲಿ ನಿರಾಶ್ರಿತರು ನೆಲೆಸಿರುವ ಆರ್.ಎಚ್. ಕ್ಯಾಂಪಿನ ಗೆಳತಿಯೊಬ್ಬಳು ಕೆಲವು ವರ್ಷಗಳ ಹಿಂದೆ ಬುಟ್ಟಿಯೊಂದರಲ್ಲಿ ನಾಯಿಮರಿಯನ್ನು ತಂದುಕೊಟ್ಟಳು. ಬುಟ್ಟಿಯಲ್ಲಿ ಮೊದಲು ಮೀನು ಇದ್ದಿರಬೇಕು, ಮರಿ ಒಂದು ವಾರ ಮೀನಿನ ವಾಸನೆ ಹೊಡೆಯುತ್ತಿತ್ತು. ಮೂಗಿನಿಂದ ಬಾಲದ ತುದಿಯವರೆಗೆ ಇದ್ದಿಲಿನಂತೆ ಕಪ್ಪು. ಅದಕ್ಕೆ ಸುಜಾತಾ ಇಟ್ಟ ಹೆಸರು ಮೋತಿ. ಮುತ್ತು ಎಲ್ಲಿಯಾದರೂ ಕಪ್ಪಗೆ ಇರುತ್ತದೆಯೇ ಎಂದು ನಾನು ಕೇಳಿದ್ದಕ್ಕೆ, ನಿಮ್ಮ ಹೆಸರು ಶಾಂತಪ್ಪ ಇಲ್ಲವೇ ಎಂದಳು. ಅಲ್ಲಿಗೆ ನಾಮಕರಣ ಮುಗಿಯಿತು. ನಮ್ಮ ಮನೆಯಲ್ಲಿ ಮೋತಿಯನ್ನು 'ಅದು' ಎನ್ನುವಂತಿಲ್ಲ. 'ಅವನು' ಎನ್ನಬೇಕು.

ಮೋತಿಯ ಸಾಮ್ರಾಜ್ಯ ನಮ್ಮ ಹಿತ್ತಲು. ಅರ್ಧಕ್ಕೆ ಫರಸಿ ಕಲ್ಲು ಹಾಸಿದೆ, ಉಳಿದರ್ಧ ಮಣ್ಣು. ಪಡುವಣದ ಮೂಲೆಯಲ್ಲಿ ಬಚ್ಚಲ ನೀರು ಹರಿದು ಬರುವ ಕಡೆ ಒಂದು ಕರಿಬೇವಿನ ಗಿಡ, ಪಕ್ಕದಲ್ಲಿ ನೀರು ತುಂಬಿಡುವ ಮಣ್ಣಿನ ಹರವಿ, ಅದರಾಚೆ ಹಿಂದಿನ ಮನೆಯ ಖಾಜಾಬಿ ಚಾಚಿಯ ಎತ್ತರದ ಗೋಡೆ. ಮೋತಿ ಆ ಗೋಡೆಯ ಬುಡದಲ್ಲಿ, ಕರಿಬೇವಿಗೆ ಹತ್ತಿಕೊಂಡು, ತನ್ನ ಮೈಗೆ ಸರಿಯಾಗಿ ಒಂದು ಕುಣಿ ತೋಡಿಕೊಂಡಿದ್ದ. ಮಧ್ಯಾಹ್ನವಾಯಿತೆಂದರೆ ಹೋಗಿ ಅದರಲ್ಲಿ ಹೊಟ್ಟೆ ಊರಿ ಮಲಗುತ್ತಿದ್ದ. ಕರಿಬೇವಿನ ಬೇರು ಹೊರಗೆ ಕಾಣಿಸತೊಡಗಿತ್ತು. ಉಪ್ಪಿಟ್ಟಿಗೆ ಕರಿಬೇವಿಲ್ಲದ ಬದುಕನ್ನು ನೆನೆದು ನನಗೆ ಸಂಕಟವಾಗುತ್ತಿತ್ತು. ಸುಜಾತಾ ಮಾತ್ರ ಕುಣಿಯನ್ನು ಮುಟ್ಟಲು ಬಿಟ್ಟಿರಲಿಲ್ಲ.

ಹೀಗಿರುವಾಗ ಲಿಂಗಸುಗೂರಿನಲ್ಲಿ ಅವಳ ಅಕ್ಕನ ಮಗಳಿಗೆ ಹೆರಿಗೆ ಹತ್ತಿರ ಬಂತು. ಸ್ವಲ್ಪ ತೊಡಕಿನ ಹೆರಿಗೆ, ಮನೆಯಲ್ಲಿ ನರ್ಸು ಎಂದರೆ ಇವಳೊಬ್ಬಳೇ. ರಜೆ ಹಾಕಿ ಹೊರಟಳು. ನನಗೂ ಕಾಲೇಜಿಗೆ ರಜೆ. ಹೊರಡುವಾಗ ಅಡುಗೆ ಹೇಗೆ ಮಾಡಿಕೊಳ್ಳುತ್ತೀರಿ ಎಂದು ಕೇಳಲಿಲ್ಲ. ಬ್ಯಾಗನ್ನು ಬಾಗಿಲಲ್ಲಿಟ್ಟು ಮೋತಿಯ ವಿಚಾರ ಶುರು ಮಾಡಿದಳು.

"ನೀರು ಮುಂಜಾನಿ ಒಮ್ಮಿ ಇಟ್ಟು ಕುಂದ್ರಬ್ಯಾಡ್ರಿ. ಬಿಸಿ ಆಗತೈತಿ, ಚೆಲ್ಲಿ ಬ್ಯಾರೆ ಇಡ್ರಿ. ಬಿಸಿಲಾಗ ಕಟ್ಟಬ್ಯಾಡ್ರಿ. ಅಡ್ಡಾಡ್ಸಾಕ ಒಯ್ಯೂ ಮೊದ್ಲ ಫರಸಿ ಮ್ಯಾಲ ನಿಮ್ಮ ಕೈ ಇಟ್ಟು ನೋಡ್ರಿ, ನಿಮಗ ತಡಕೊಳ್ಳಾಕ ಆಗಲಿಲ್ಲಂದ್ರ ಅವಗೂ ಆಗಂಗಿಲ್ಲ."

"ನಾ ಶಾಖದ ಪಾಠ ಮಾಡೂ ಮನುಷ್ಯಾ ಅದೀನಿ," ಎಂದೆ.

"ಅದಕ್ಕ ಹೆದರಿಕಿ," ಎಂದು ಬ್ಯಾಗೆತ್ತಿಕೊಂಡಳು. ಆಟೋ ಹತ್ತಿದ ಮೇಲೆ ಇನ್ನೊಮ್ಮೆ ತಲೆ ಹೊರಗೆ ಹಾಕಿ, "ಅವಗೇನರ ಆದ್ರ ನಾ ಸುಮ್ನ ಇರಂಗಿಲ್ಲ ನೋಡ್ರಿ," ಎಂದಳು. ಮೋತಿ ಗೇಟಿನವರೆಗೆ ಹೋಗಿ, ಆಟೋ ಮರೆಯಾಗುವವರೆಗೂ ನಿಂತು, ತಿರುಗಿ ನನ್ನನ್ನು ನೋಡಿದ. ಅವನಿಗೂ ಅದೇ ಹೆದರಿಕೆ ಇದ್ದಂತೆ ಕಂಡಿತು.

ಅವಳು ಬರುವುದರೊಳಗೆ ಹಿತ್ತಲನ್ನು ಶಾಸ್ತ್ರೀಯವಾಗಿ ತಂಪು ಮಾಡಿಬಿಡಬೇಕೆಂದು ನಾನು ನಿಶ್ಚಯಿಸಿದೆ. ಮರುದಿನ ಬೆಳಿಗ್ಗೆ ತಿಂಡಿಯಾದ ಮೇಲೆ ಹಿತ್ತಲಲ್ಲಿ ನಿಂತು ನೋಡಿದೆ. ನಮ್ಮ ಮನೆಯ ಹಿಂಗೋಡೆಗೆ ಹೊಂದಿಕೊಂಡು ಒಳ್ಳೆಯ ನೆರಳಿತ್ತು. ಅಲ್ಲಿಯೇ ಹಳೆಯ ತಗಡುಗಳನ್ನು ಹೊಂದಿಸಿ ಒಂದು ಗುಡಿಸಲು ಕಟ್ಟಿದೆ. ತಗಡು ಕಾಯುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ, ಆದ್ದರಿಂದ ಮೇಲೆ ಸುಣ್ಣ ಬಳಿದೆ. ಪರಿಚಯದವರ ಕಣದಿಂದ ಭತ್ತದ ಹುಲ್ಲು ತರಿಸಿ ದಪ್ಪಗೆ ಹೊದಿಸಿದೆ. ಒಳಗೆ ಒದ್ದೆ ಗೋಣಿತಟ್ಟು ಹಾಸಿದೆ. ಇಷ್ಟು ಒಳ್ಳೆಯ ಮನೆ ಸಿಕ್ಕ ಮೇಲೆ ಇನ್ನು ಕುಣಿ ಯಾತಕ್ಕೆಂದು ಅದನ್ನು ಮಣ್ಣು ಹಾಕಿ ಮುಚ್ಚಿ, ಕರಿಬೇವಿನ ಸುತ್ತ ಕಲ್ಲಿಟ್ಟೆ. ಮೋತಿ ಇದನ್ನೆಲ್ಲ ಕೂತು ನೋಡಿದ. ಗುಡಿಸಲೊಳಗೆ ಮೂಗು ತೂರಿಸಿ, ಒಂದು ಸೀನು ಸೀನಿ, ಹೊರಗೆ ಬಂದ. ಹೊಸ ಮನೆ, ರೂಢಿಯಾಗಬೇಕು ಎಂದುಕೊಂಡೆ.

ಹಿಂಗೋಡೆಯ ನೆರಳು ಬೆಳಗಿನ ನೆರಳು. ಹೊತ್ತು ತಿರುಗಿದ್ದೇ ಪಡುವಣದ ಬಿಸಿಲು ನೇರವಾಗಿ ಗುಡಿಸಲ ಬಾಯಿಗೆ ನುಗ್ಗಿತು. ಸೂರ್ಯ ಪಶ್ಚಿಮಕ್ಕೆ ಹೋಗುತ್ತಾನೆ ಎಂಬುದನ್ನು ನಾನು ಎಷ್ಟನೆಯ ತರಗತಿಯಲ್ಲಿ ಓದಿದ್ದೆನೋ ನೆನಪಿಲ್ಲ. ಮೋತಿ ಗುಡಿಸಲನ್ನು ಬಿಟ್ಟು, ಮುಚ್ಚಿದ ಕುಣಿಯ ಮೇಲೆ ನಿಂತು, ಕಾಲಿನಿಂದ ಕಲ್ಲುಗಳನ್ನು ಕೆರೆಯುತ್ತಿದ್ದ. ನಾಲಗೆ ಜೋತುಬಿದ್ದಿತ್ತು, ಪಕ್ಕೆಗಳು ತಿದಿಯಂತೆ ಆಡುತ್ತಿದ್ದವು. ಈ ಉರಿಯಲ್ಲಿ ಅವನಿಗೆ ಒಂದು ಸ್ನಾನ ಮಾಡಿಸಿಬಿಡೋಣ ಎನ್ನಿಸಿತು.

ಸುಜಾತಾ ಅವನಿಗೆ ಸ್ನಾನ ಮಾಡಿಸುವಾಗ ಹರವಿಯಿಂದ ತಂಬಿಗೆಯಲ್ಲಿ ನೀರು ತೋಡಿ ಹಾಕುತ್ತಿದ್ದಳು. ಕಾಲುವೆ ಬಂದಾದ ಮೇಲೆ ನಳದ ನೀರು ದಿನಬಿಟ್ಟು ದಿನವೂ ಬರುವುದಿಲ್ಲ, ಬಂದ ನೀರನ್ನು ಇಂಥದ್ದಕ್ಕೆ ಇಷ್ಟು ಎಂದು ಹಂಚಿಡಬೇಕು. ಹರವಿ ನೀರು ಕುಡಿಯಲಿಕ್ಕಿರಲಿ ಎಂದು ನಾನು ಮಾಳಿಗೆಯ ಮೇಲಿನ ಟ್ಯಾಂಕಿನಿಂದ ಕರಿಬೇವಿನ ಹತ್ತಿರಕ್ಕೆ ಇಳಿದಿದ್ದ ನಳಕ್ಕೆ ಪೈಪು ಸಿಕ್ಕಿಸಿದೆ. ಎಡಗೈಯಲ್ಲಿ ಮೋತಿಯ ಕೊರಳಪಟ್ಟಿ, ಬಲಗೈಯಲ್ಲಿ ಪೈಪು. ಬಾಯಲ್ಲಿ ಸಮಾಧಾನದ ಮಾತು. ಟ್ಯಾಂಕಿನ ಬಣ್ಣ ಕಪ್ಪು. ಪೈಪಿನ ಬಣ್ಣವೂ ಕಪ್ಪು. ಎರಡೂ ಬೆಳಗಿನಿಂದ ಬಿಸಿಲಿಗೆ ಬಿದ್ದುಕೊಂಡಿದ್ದವು.

ನೀರು ಬೆನ್ನಿನ ಮೇಲೆ ಬಿದ್ದೊಡನೆ ಮೋತಿ ಚೀರಿದ. ಸ್ನಾನವೆಂದರೆ ಎಲ್ಲ ನಾಯಿಗಳೂ ನಾಟಕ ಮಾಡುತ್ತವೆ ಎಂದುಕೊಂಡು ನಾನು ಪಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಅಷ್ಟರಲ್ಲಿ ಅದೇ ನೀರು ನನ್ನ ಪಾದದ ಮೇಲೂ ಬಿತ್ತು, ನಾನೂ ಅದೇ ನಾಟಕ ಮಾಡಿದೆ. ಪೈಪು ಒಂದು ಕಡೆ, ನಾನೊಂದು ಕಡೆ. ಮೋತಿ ನನ್ನ ಕೈಯಿಂದ ಕೊಸರಿಕೊಂಡು ಹಿತ್ತಲಿನ ಇನ್ನೊಂದು ತುದಿಗೆ ಓಡಿ, ಕಂಪೌಂಡ್ ಮೂಲೆಗೆ ಬೆನ್ನು ಕೊಟ್ಟು ನಿಂತ.

ದನದ ದವಾಖಾನೆಯ ಡಾಕ್ಟರಿಗೆ ಫೋನು ಮಾಡಿದೆ. ಒತ್ತಾದ ಕೂದಲು ಅವನನ್ನು ಕಾಪಾಡಿರಬಹುದು, ಚರ್ಮ ಕೆಂಪಾಗಿದೆಯೇ ನೋಡಿ ಎಂದರು. ನೋಡಲು ಹೋದರೆ ಅವನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ನಾನು ಒಂದು ಹೆಜ್ಜೆ ಇಟ್ಟರೆ ಅವನು ಎರಡು ಹೆಜ್ಜೆ ಸರಿಯುತ್ತಿದ್ದ. ಮಧ್ಯಾಹ್ನದ ನೆರಳಿದ್ದದ್ದು ಖಾಜಾಬಿ ಚಾಚಿಯ ಗೋಡೆಯ ಬುಡದಲ್ಲಿ ಮಾತ್ರ. ಅಲ್ಲಿಯೇ ನಳ, ಅಲ್ಲಿಯೇ ಪೈಪು. ಆ ಕಡೆ ಅವನು ಮುಖ ಹಾಕಲಿಲ್ಲ. ಹಿತ್ತಲ ಬಾಗಿಲು ತೆರೆದಿಟ್ಟೆ, ಒಳಗೆ ನಾನಿದ್ದೇನೆಂದು ಒಳಗೂ ಬರಲಿಲ್ಲ. ಸುಡುವ ಫರಸಿಯ ಮೇಲೆ ಒಂದೊಂದೇ ಕಾಲು ಎತ್ತುತ್ತ ನಿಂತು ನನ್ನನ್ನೇ ನೋಡುತ್ತಿದ್ದ. ಸಿಂಧನೂರಿನ ಏಪ್ರಿಲ್ ಬಿಸಿಲು ಮತ್ತು ನಾನು, ಇಬ್ಬರಲ್ಲಿ ಯಾರು ವಾಸಿ ಎಂದು ಅವನು ಯೋಚಿಸಿ ಬಿಸಿಲನ್ನು ಆರಿಸಿಕೊಂಡಿದ್ದ. ಮಕ್ಕಳು ಪಾಠಕ್ಕೆ ಚಕ್ಕರ್ ಹೊಡೆದಾಗಲೂ ನನಗೆ ಇಷ್ಟು ಅವಮಾನವಾಗಿದ್ದಿಲ್ಲ.

ಆಮೇಲೆ ನಾನು ಮಾಡಿದ ಕೆಲಸ ಹೇಳಲು ನಾಚಿಕೆಯಾಗುತ್ತದೆ. ಅವನು ನೆರಳಿಗೆ ಬರದಿದ್ದರೆ ನೆರಳನ್ನೇ ಅವನ ಹತ್ತಿರ ಒಯ್ಯೋಣವೆಂದು ಕೊಡೆ ಬಿಚ್ಚಿಕೊಂಡು ಹೊರಟೆ. ಕೊಡೆ ಕಂಡು ಮೋತಿ ಓಡಿದ. ನಾನು ಹಿಂದೆ ಓಡಿದೆ. ಹಿತ್ತಲನ್ನು ಎಷ್ಟು ಸುತ್ತು ಹಾಕಿದೆವೋ, ಗೋಡೆಯ ಮೇಲಿನಿಂದ ಖಾಜಾಬಿ ಚಾಚಿಯ ತಲೆ ಕಾಣಿಸಿತು. ನಮ್ಮ ಓಣಿಗೆಲ್ಲ ಹಿರಿಯಳು. ನಾಯಿಯನ್ನು ಮುಟ್ಟುವವಳಲ್ಲ, ಆದರೆ ದಿನಕ್ಕೊಮ್ಮೆಯಾದರೂ ಅವನನ್ನು ಬೈಯದೆ ಅವಳಿಗೆ ಸಮಾಧಾನವಿಲ್ಲ.

"ಮಾಸ್ತರ್, ನಾಯಿಗೆ ನೆರಳು ಮಾಡಾಕತ್ತೀರೋ, ನಾಯಿಗೆ ಓಡ್ಸಿ ಕೊಲ್ಲಾಕತ್ತೀರೋ?" ಎಂದು ಕೇಳಿದಳು.

ನಡೆದದ್ದನ್ನು ಹೇಳಿದೆ. ಆಕೆ ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. "ಬೇಜುಬಾನ್ ಜಾನವರ ಐತ್ರೀ ಅದು, ಮಾತು ಬರಂಗಿಲ್ಲ. ಹಿಡದು ಸರಪಳಿಗೆ ಕಟ್ಟಿ ಒಳಗ ಹಾಕ್ರಿ," ಎಂದಳು. ಆಮೇಲೆ ತಾನೇ ಯೋಚಿಸಿ, "ಬ್ಯಾಡ್ರಿ, ಹೆದರಿಕಿಗೇ ಸತ್ತು ಹೋದೀತು," ಎಂದಳು. ಸ್ವಲ್ಪ ಹೊತ್ತಿನ ಮೇಲೆ ಒಂದು ಅಲ್ಯೂಮಿನಿಯಂ ಬೋಗುಣಿಯಲ್ಲಿ ನೀರು ತುಂಬಿ, ಹಗ್ಗ ಕಟ್ಟಿ, ಗೋಡೆಯಾಚೆಯಿಂದ ಮೆಲ್ಲಗೆ ಇಳಿಸಿದಳು. ನಾನು ಒಳಗೆ ಹೋಗಿ ಕಿಟಕಿಯಿಂದ ನೋಡಿದೆ. ಮೋತಿ ಬಂದ. ಪೈಪಿನ ಕಡೆ ಒಂದು ಕಣ್ಣಿಟ್ಟು, ಅವಸರದಲ್ಲಿ ಒಂದಷ್ಟು ನೀರು ಕುಡಿದು, ಮತ್ತೆ ಬಿಸಿಲಿಗೇ ಹೋಗಿ ನಿಂತ. ನಾನಿಟ್ಟ ಬೋಗುಣಿಯ ನೀರು ಹಾಗೆಯೇ ಇತ್ತು.

ಸಂಜೆಯಾಗುವ ಮುನ್ನ ಲಿಂಗಸುಗೂರಿನಿಂದ ವಿಡಿಯೋ ಕಾಲ್ ಬಂತು.

"ಮೋತಿನ್ನ ತೋರಸ್ರಿ," ಎಂದಳು ಸುಜಾತಾ. ಕಿಟಕಿಯಿಂದಲೇ ದೂರದಿಂದ ತೋರಿಸಿದೆ.

"ಬಿಸಿಲಾಗ ಯಾಕ ಕುಂತಾನ?"

"ಚಳಿ ಆಗಾಕತ್ತಿರಬೇಕು," ಎಂದೆ. ಬಾಯಿಂದ ಹೊರಬಿದ್ದ ಮೇಲೆ ನನಗೇ ಮಾತು ಕೇಳಿಸಿತು.

"ಏಪ್ರಿಲ್ ತಿಂಗಳದಾಗ, ಸಿಂಧನೂರಾಗ, ನಾಯಿಗೆ ಚಳಿ?"

ಎಲ್ಲವನ್ನೂ ಹೇಳಿದೆ. ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹಿಂದೆ ಆಸ್ಪತ್ರೆಯ ಗದ್ದಲ ಕೇಳಿಸುತ್ತಿತ್ತು. "ಹುಡುಗಿ ಬ್ಯಾನಿ ತಿನ್ನಾಕತ್ಯಾಳ, ನಾ ಬಿಟ್ಟು ಬರಾಕ ಆಗಂಗಿಲ್ಲ," ಎಂದಳು. "ನಾಳಿನೂ ಹಿಂಗ ಬಿಸಿಲಾಗ ಕುಂತ್ರ ಅವ ಉಳಿಯಂಗಿಲ್ಲ. ನೀವ ಏನರ ಮಾಡ್ರಿ. ಅವಂಗ ನಿಮ್ಮ ಮ್ಯಾಲ ನಂಬಿಕಿ ಬರಂಗ ಮಾಡ್ರಿ." ಫೋನಿಟ್ಟಳು. ಮತ್ತೆ ಫೋನು ಮಾಡಿದಾಗ ಡಾಕ್ಟರೂ ಅದನ್ನೇ ಹೇಳಿದರು. ಓಡಿಸಬೇಡಿ, ಐಸು ಸುರಿಯಬೇಡಿ, ತಾನಾಗಿ ನೆರಳಿಗೆ ಬರಬೇಕು, ಕಾಲು ಹೊಟ್ಟೆಗಳಿಗೆ ಸಾದಾ ತಣ್ಣೀರು ಮುಟ್ಟಿಸಬೇಕು, ಇನ್ನೊಂದು ದಿನ ಹೀಗಾದರೆ ಕಷ್ಟ.

ನಂಬಿಕೆ ಬರುವ ಹಾಗೆ ಮಾಡುವುದು ಹೇಗೆ ಎಂದು ಆ ಸಂಜೆ ಬಹಳ ಯೋಚಿಸಿದೆ. ಮನುಷ್ಯರಾದರೆ ಕ್ಷಮೆ ಕೇಳಬಹುದು, ಕಾರಣ ಹೇಳಬಹುದು, ಟ್ಯಾಂಕಿನ ಮೇಲೆ ತಪ್ಪು ಹಾಕಬಹುದು. ತರಗತಿಯಲ್ಲಿ ಲೆಕ್ಕ ತಪ್ಪಿದಾಗ ನಾನು, ನೀವು ಗಮನಿಸುತ್ತೀರೋ ಇಲ್ಲವೋ ನೋಡಲಿಕ್ಕೆ ಬೇಕೆಂದೇ ತಪ್ಪು ಬರೆದೆ ಎನ್ನುತ್ತೇನೆ. ಮೋತಿಯ ಮುಂದೆ ಇದು ಯಾವುದೂ ನಡೆಯುವಂತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಇಷ್ಟೇ. ಈ ಮನುಷ್ಯ ಪ್ರೀತಿಯ ಮಾತಾಡುತ್ತ ಕೊರಳು ಹಿಡಿದ, ಆಮೇಲೆ ಸುಟ್ಟ. ಆದ್ದರಿಂದ ನಾನು ಪ್ರೀತಿಯ ಮಾತಾಡಿದಷ್ಟೂ ಅವನು ಹಿಂದೆ ಸರಿಯುತ್ತಿದ್ದ. ಬಿಸ್ಕೀಟು ಎಸೆದೆ, ಮೂಸಿಯೂ ನೋಡಲಿಲ್ಲ. ಕತ್ತಲಾಗಿ ನಾನು ಬಾಗಿಲು ಹಾಕಿಕೊಂಡ ಮೇಲೆ ಅನ್ನ ತಿಂದ ಸದ್ದು ಕೇಳಿಸಿತು. ಅಷ್ಟು ಸಮಾಧಾನ.

ಮರುದಿನ ಬೆಳಿಗ್ಗೆ ಮೊದಲು ಪೈಪನ್ನು ಮಾಳಿಗೆಯ ಮೇಲೆ ಎಸೆದೆ. ಕರಿಬೇವಿನ ಸುತ್ತಲಿನ ಕಲ್ಲು ತೆಗೆದೆ. ನಾನು ಮುಚ್ಚಿದ್ದ ಕುಣಿಯನ್ನು ನಾನೇ ತೋಡಿದೆ. ಮೋತಿ ತೋಡಿದ್ದು ಇದಕ್ಕಿಂತ ಅಂದವಾಗಿತ್ತು. ಅವನು ದೂರದಿಂದ ನೋಡಿದನೇ ಹೊರತು ಹತ್ತಿರ ಬರಲಿಲ್ಲ. ಹೊತ್ತು ಏರಿತು. ಝಳ ಹೊಡೆಯಲಾರಂಭಿಸಿತು. ನಡುಹಗಲಿಗೆ ಸರಿಯಾಗಿ ಕರೆಂಟು ಹೋಯಿತು. ಒಳಗೆ ಕೂಲರ್ ನಿಂತಿತು, ಫ್ಯಾನ್ ನಿಂತಿತು, ಮನೆ ಒಲೆಯಾಯಿತು. ಹೊರಗೆ ಮೋತಿ ನಿನ್ನೆಯ ಮೂಲೆಯಲ್ಲೇ ನಿಂತಿದ್ದ. ಇವತ್ತು ಕಾಲು ಎತ್ತಿಡುವುದನ್ನೂ ಬಿಟ್ಟಿದ್ದ. ಬಾಯಿಂದ ಜೊಲ್ಲು ಎಳೆ ಎಳೆಯಾಗಿ ಇಳಿಯುತ್ತಿತ್ತು. ಅದನ್ನು ನೋಡಿ ನನಗೆ ಅಳು ಬಂದಿತು. ಸುಜಾತಾಳ ಹೆದರಿಕೆಯಿಂದಲ್ಲ. ಒಂದು ಜೀವ ನನ್ನ ಕೈಯಿಂದ ತಪ್ಪಿಸಿಕೊಳ್ಳುವುದಕ್ಕಾಗಿ ಸಾಯಲು ತಯಾರಾಗಿ ನಿಂತಿದೆಯಲ್ಲ ಎಂದು.

ಆಮೇಲೆ ನಾನು ಮಾಡಿದ್ದು ಉಪಾಯವೆಂದು ಯಾರಾದರೂ ಹೊಗಳಿದರೆ ನಾನು ಬೇಡವೆನ್ನುವುದಿಲ್ಲ, ಆದರೆ ಅದು ಉಪಾಯವಾಗಿರಲಿಲ್ಲ. ಒಳಗೆ ಕೂಡಲಾರದೆ ಹೊರಗೆ ಬಂದೆ. ಬನಿಯನ್ನು, ಲುಂಗಿಯಲ್ಲೇ ಹೋಗಿ ಗೋಡೆಯ ನೆರಳಿನಲ್ಲಿ, ನಾನೇ ತೋಡಿದ ಕುಣಿಯ ಅಂಚಿನಲ್ಲಿ ಕುಕ್ಕರಿಸಿದೆ. ಹರವಿಯಿಂದ ಒಂದು ತಂಬಿಗೆ ನೀರು ತೋಡಿ ತಲೆಯ ಮೇಲೆ ಸುರಿದುಕೊಂಡೆ. ಜೀವ ಬಂದಂತಾಯಿತು. ಇನ್ನೊಂದು ಸುರಿದುಕೊಂಡೆ. ಕಣ್ಣು ಒರೆಸಿಕೊಂಡು ನೋಡಿದರೆ ಮೋತಿಯ ಕಿವಿಗಳು ನಿಮಿರಿದ್ದವು. ನಾನು ಯಾವಾಗ ಚೀರುತ್ತೇನೆಂದು ಕಾಯುತ್ತಿದ್ದಾನೆ ಎನಿಸಿತು. ನಾನು ಚೀರಲಿಲ್ಲ. ಅವನ ಕಡೆ ನೋಡದೆ ಪಾದದ ಮೇಲೆ ಸ್ವಲ್ಪ, ಕುಣಿಯ ಮಣ್ಣಿಗೆ ಸ್ವಲ್ಪ ಸುರಿದೆ. ಮಣ್ಣಿನ ವಾಸನೆ ಎದ್ದಿತು.

ಅವನು ಒಂದು ಹೆಜ್ಜೆ ಇಟ್ಟ. ನಾನು ತಲೆ ತಗ್ಗಿಸಿಕೊಂಡೇ ಇದ್ದೆ. ಬರುತ್ತ ಬರುತ್ತ ನಿಂತ, ಹಿಂದೆ ಹೋದ, ಮತ್ತೆ ಬಂದ. ಕೊನೆಗೆ ನನ್ನ ಒದ್ದೆ ಪಾದವನ್ನು ಮೂಸಿದ. ನೀರು ನೆಕ್ಕಿದ. ಕುಣಿಯೊಳಗೆ ಇಳಿದು, ಒಂದು ಸುತ್ತು ಸುತ್ತಿ, ಹೊಟ್ಟೆ ಊರಿ ಬಿದ್ದುಕೊಂಡ. ಬೆರಳನ್ನು ನೀರಲ್ಲಿ ಅದ್ದಿ ಅವನ ಕಾಲಿಗೆ ತಾಗಿಸಿದೆ. ಮೈ ನಡುಗಿತು, ಆದರೆ ಕಾಲು ಎಳೆದುಕೊಳ್ಳಲಿಲ್ಲ. ಆಮೇಲೆ ಹೊಟ್ಟೆಗೆ, ಕಿವಿಗೆ. ಬೆನ್ನಿನ ಕೂದಲು ಸರಿಸಿ ನೋಡಿದೆ. ಚರ್ಮ ಕೆಂಪಾಗಿರಲಿಲ್ಲ.

ಎದ್ದರೆ ಅವನೂ ಎದ್ದುಬಿಡುತ್ತಾನೆಂದು ನಾನು ಅಲುಗಾಡಲಿಲ್ಲ. ಒಳಗೆ ಫೋನು ಬಡಿದುಕೊಂಡು ಸುಮ್ಮನಾಯಿತು. ಹೊತ್ತು ಇಳಿಯುವವರೆಗೂ ಒದ್ದೆ ಲುಂಗಿಯಲ್ಲಿ ಕೂತೇ ಇದ್ದೆ. ಇಷ್ಟು ವರ್ಷ ಈ ಮನೆಯಲ್ಲಿದ್ದರೂ ಹಿತ್ತಲಲ್ಲಿ ಒಂದು ಮಧ್ಯಾಹ್ನ ಕೂತವನಲ್ಲ. ಖಾಜಾಬಿ ಚಾಚಿಯ ಗೋಡೆಯ ನೆರಳು ಮೊದಲು ಒಂದು ಗೇಣು, ಆಮೇಲೆ ಮೊಳ, ಆಮೇಲೆ ಮಾರು ಚಾಚುವುದು ಆವತ್ತು ಕಂಡಿತು. ಬಚ್ಚಲ ಸಂದಿಯಿಂದ ಆಗಾಗ ತೆಳ್ಳನೆಯ ಗಾಳಿ ಬರುತ್ತಿತ್ತು, ಅದು ಬಂದು ತಾಗುವುದು ಸರಿಯಾಗಿ ಆ ಕುಣಿಗೆ. ಒಂದು ಕೈ ಆಚೆ ಸರಿದರೆ ಇಲ್ಲ. ಮೋತಿ ಈ ಜಾಗವನ್ನು ಎಷ್ಟು ಬೇಸಿಗೆ ಹುಡುಕಿ ಕಂಡುಕೊಂಡಿದ್ದನೋ, ನಾನು ಒಂದು ಬೆಳಗಿನಲ್ಲಿ ಮುಚ್ಚಿಬಿಟ್ಟಿದ್ದೆ. ಗೋಡೆಯ ಮೇಲೆ ಚಾಚಿಯ ತಲೆ ಮತ್ತೊಮ್ಮೆ ಕಾಣಿಸಿತು. ಏನೋ ಹೇಳಲು ಬಂದವಳು ನಮ್ಮಿಬ್ಬರನ್ನೂ ನೋಡಿ, "ಹ್ಞೂಂ, ಕುಂದ್ರಿ ಕುಂದ್ರಿ," ಎಂದಷ್ಟೇ ಹೇಳಿ ಇಳಿದುಹೋದಳು.

ಕೆಲವು ದಿನಗಳ ಮೇಲೆ ಸುಜಾತಾ ಬಂದಳು. ತಾಯಿ, ಹೆಣ್ಣುಮಗು ಇಬ್ಬರೂ ಚೆನ್ನಾಗಿದ್ದರು. ಬ್ಯಾಗು ಇಳಿಸಿ ನೇರ ಹಿತ್ತಲಿಗೆ ಹೋಗಿ ಮೋತಿಯ ಪಾದ, ಬೆನ್ನು, ಕಿವಿ, ವಸಡು ಎಲ್ಲ ನೋಡಿದಳು. ಅವನು ಅವಳ ಮೈಮೇಲೆಲ್ಲ ಹತ್ತಿ ಕುಣಿದ. ಆಮೇಲೆ ನನ್ನ ಕಡೆ ತಿರುಗಿದಳು. ನನಗೆ ಒಂದೇ ಸಮನೆ ಸೀನು. ದಿನವೂ ಮಧ್ಯಾಹ್ನ ಒದ್ದೆ ಬಟ್ಟೆಯಲ್ಲಿ ಕೂತು ಜೋರಾಗಿ ನೆಗಡಿಯಾಗಿತ್ತು, ಹೊದಿಕೆ ಹೊದ್ದುಕೊಂಡಿದ್ದೆ. ಹಣೆ ಮುಟ್ಟಿ ನೋಡಿ, "ಏಪ್ರಿಲ್ ತಿಂಗಳದಾಗ ಸಿಂಧನೂರಾಗ ಚಳಿ ಆಗಿದ್ದು ನಿಮಗ ಅನ್ರಿ," ಎಂದಳು.

ಈಗಲೂ ಮೋತಿಗೆ ಸ್ನಾನ ಮಾಡಿಸಬೇಕೆಂದರೆ, ಸುಜಾತಾ ತಂಬಿಗೆ ಹಿಡಿದು ಕರೆದರೂ ಅವನು ಕುಣಿಯ ಅಂಚಿಗೆ ಬಂದು ನಿಂತುಬಿಡುತ್ತಾನೆ, ಮುಂದೆ ಬರುವುದಿಲ್ಲ. "ರೀ, ಬರ್ರಿ," ಎಂದು ಅವಳು ಕೂಗುತ್ತಾಳೆ. ನಾನು ಓದುತ್ತಿದ್ದ ಪೇಪರು ಬಿಟ್ಟು ಹೋಗಿ ಲುಂಗಿ ಎತ್ತಿ ಕಟ್ಟಿ ನಿಲ್ಲಬೇಕು. ಅವಳು ಮೊದಲು ನನ್ನ ಪಾದದ ಮೇಲೆ ನೀರು ಹಾಕುತ್ತಾಳೆ. ಮೋತಿ ನನ್ನ ಮುಖವನ್ನು ನೋಡುವುದಿಲ್ಲ, ಕಾಲನ್ನೇ ನೋಡುತ್ತಾನೆ. ನಾನು ಕುಣಿದಾಡದಿದ್ದರೆ ಆಮೇಲೆ ಬರುತ್ತಾನೆ. ಮೊನ್ನೆ ನಾನು, ಇಷ್ಟು ವರ್ಷ ಅನ್ನ ಹಾಕಿದವನನ್ನು ನಂಬಲು ಇವನಿಗೆ ಇಷ್ಟೊಂದು ಪರೀಕ್ಷೆ ಬೇಕೇ ಎಂದು ಗೊಣಗಿದೆ. ಸುಜಾತಾ ನನ್ನ ಕಾಲಿನ ಮೇಲೆ ಇನ್ನೊಂದು ತಂಬಿಗೆ ಸುರಿದು, "ಅವ ನೋಡೂದು ಈಗ ಕಲ್ತಾನ, ನಾ ಮದುವ್ಯಾದಾಗಿಂದ ಹಿಂಗ ನೋಡಾಕತ್ತೀನಿ," ಎಂದಳು. ಮೋತಿ ಬಾಲ ಅಲ್ಲಾಡಿಸಿದ. ನಾನು ಇನ್ನೊಂದು ಕಾಲನ್ನೂ ಮುಂದಿಟ್ಟೆ.